ಗುಬ್ಬಿಗೆ ಹಾಲು ಬಿಡಿಸಿದ ವರ್ಷ

ನೀರು ಬಿದ್ದರೆ ಸುಟ್ಟ ಸುಣ್ಣ ಕುದಿಯುತ್ತದೆ, ಹೆಂಡ ಬಿದ್ದರೆ ನಮ್ಮಣ್ಣ ಕುದಿಯುತ್ತಿದ್ದ. ಸುಣ್ಣವಾದರೋ ಒಂದು ಸಲ ಕುದಿದು ತಣ್ಣಗಾದ ಮೇಲೆ ಮತ್ತೆ ಯಾರ ತಂಟೆಗೂ ಬರುವುದಿಲ್ಲ. ಅಣ್ಣನಿಗೆ ಆ ಗುಣ ಇರಲಿಲ್ಲ. ಬೀದಿಯವರು ಅವನನ್ನು ಗುಂಡುಕಲ್ಲು ಎಂದು ಕರೆಯುತ್ತಿದ್ದರು, ನನ್ನನ್ನು ಸುಣ್ಣದ ನಾಲಿಗೆ ಎಂದು. ಗಂಡ ಸತ್ತ ಮೇಲೆ, ಮಕ್ಕಳೂ ಇಲ್ಲದೆ, ತವರಿಗೆ ವಾಪಸು ಬಂದವಳು ನಾನು. ಸುಣ್ಣ ಸುಡುವ ಗೂಡಿನ ಕೆಲಸಕ್ಕೆ ಎರಡು ಕೈ ಸಿಕ್ಕಿತು ಎಂದು ಒಳಗೆ ಬಿಟ್ಟುಕೊಂಡರು. ಕೈಯ ಜೊತೆಗೆ ನಾಲಿಗೆಯೂ ಬಂದಿದೆ ಎನ್ನುವುದು ಅವರಿಗೆ ಆಮೇಲೆ ಗೊತ್ತಾಯಿತು.

ನಮ್ಮ ಬೀದಿಯಲ್ಲಿ ಎಲ್ಲರದೂ ಸುಣ್ಣದ ಗೂಡೇ. ಗುಡ್ಡದಿಂದ ಬಂದ ಕಲ್ಲನ್ನು ಸುತ್ತಿಗೆಯಿಂದ ಮುಷ್ಟಿಗಾತ್ರಕ್ಕೆ ಒಡೆಯುವುದು ಹೆಂಗಸರ ಪಾಲು. ಗೂಡಿನೊಳಗೆ ಒಂದು ಪದರ ಕಲ್ಲು, ಒಂದು ಪದರ ಇದ್ದಿಲು ತುಂಬಿ ಬೆಂಕಿ ಕೊಡುವುದು, ಸುಟ್ಟ ಕಲ್ಲನ್ನು ಹೊಂಡಕ್ಕೆ ಹಾಕಿ ನೀರು ಬಿಟ್ಟು ಅರಳಿಸುವುದು ಗಂಡಸರ ಪಾಲು. ಅರಳುವಾಗ ಹೊಂಡ ಗಂಜಿಯ ಮಡಕೆಯಂತೆ ಕೊತಕೊತ ಕುದಿದು ಹತ್ತಿರ ಬಂದವರ ಮೇಲೆ ಹಾರುತ್ತದೆ. ಅದು ಕಣ್ಣಿಗೆ ಬಿದ್ದರೆ ನೀರು ಹಾಕಬಾರದು, ನೀರು ಕಂಡರೆ ಸುಣ್ಣ ಇನ್ನೂ ಉರಿಯುತ್ತದೆ, ಮೊಲೆಹಾಲನ್ನೇ ಹಿಂಡಬೇಕು ಎಂಬುದು ನಮ್ಮವರ ನಂಬಿಕೆ. ಹೊಂಡಕ್ಕೆ ನೀರು ಬಿಡುವ ದಿನ ಮಗುವಿಗೆ ಹಾಲು ಕುಡಿಸುವವಳೊಬ್ಬಳು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕಿತ್ತು. ಇದು ಸರಿಯೋ ತಪ್ಪೋ ನನಗೆ ತಿಳಿಯದು. ಹೆಂಗಸಿನ ಹಾಲಿನಿಂದ ಕಣ್ಣುಳಿಯಿತು ಎನ್ನುವ ಗಂಡಸರು ಬೀದಿಯಲ್ಲಿ ಬೇಕಾದಷ್ಟಿದ್ದರು, ಕಣ್ಣುಳಿಸಿದವಳಿಗೆ ಅದೇ ಸಂಜೆ ಹೊಡೆದವರೂ ಅವರಲ್ಲಿದ್ದರು.

ಹಾಲಿಗೆ ಇನ್ನೊಂದು ಕೆಲಸವೂ ಇತ್ತು. ಮಗು ಎದೆ ಕಚ್ಚಿಕೊಂಡಿರುವ ತನಕ ಮುಂದಿನದು ಬೇಗ ಬರುವುದಿಲ್ಲ ಎಂದು ಬೀದಿಯ ಹೆಂಗಸರೆಲ್ಲ ಲೆಕ್ಕ ಹಾಕಿಕೊಂಡಿದ್ದರು. ಅದಕ್ಕೇ ನಮ್ಮಲ್ಲಿ ಮಕ್ಕಳು ಓಡಾಡುವ ವಯಸ್ಸಿಗೆ ಬಂದರೂ, ಕಲ್ಲು ಒಡೆಯುತ್ತ ಕೂತ ತಾಯಿಯ ಹತ್ತಿರ ಬಂದು ನಿಂತುಕೊಂಡೇ ಕುಡಿದು ಮತ್ತೆ ಆಟಕ್ಕೆ ಓಡುತ್ತಿದ್ದವು. ಬೇರೆ ದಾರಿಗಳೂ ಇದ್ದವು. ಸುಣ್ಣದ ಗಾಡಿಯ ಜೊತೆ ಗಂಡನನ್ನು ದೂರದ ಊರಿಗೆ ಸಾಗಹಾಕುವುದು, ಮೈ ಸರಿಯಿಲ್ಲ ಎಂದು ಅತ್ತೆಯ ಪಕ್ಕ ಚಾಪೆ ಹಾಸುವುದು. ಕೊನೆಮನೆಯವಳು ಯಾವುದೋ ಬೇರು ಅರೆದು ಕುಡಿದು, ರಕ್ತ ನಿಲ್ಲದೆ ಸತ್ತ ಮೇಲೆ ಆ ಒಂದು ದಾರಿಗೆ ಮಾತ್ರ ಯಾರೂ ಹೋಗಲಿಲ್ಲ. ಹಾಲು ಬಿಡಿಸುವ ಮಾತು ಅತ್ತೆಯದು. ಅವಳು ಹೇಳುವ ತನಕ ಬಿಡಿಸುವಂತಿಲ್ಲ, ಹೇಳಿದ ಮೇಲೆ ಕುಡಿಸುವಂತಿಲ್ಲ. ಒಂದು ಮನೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎತ್ತರದ ಅಂತರ ನೋಡಿದರೆ ಸಾಕು, ಆ ಮನೆಯ ಅತ್ತೆ ಎಂಥವಳು ಎಂದು ಹೇಳಬಹುದಿತ್ತು.

ಅತ್ತಿಗೆಗೆ ಮೂರೂ ಹೆಣ್ಣು. ಮೂರನೆಯದನ್ನು ಗುಬ್ಬಿ ಎಂದು ಕರೆಯುತ್ತಿದ್ದೆವು, ಹುಟ್ಟಿದಾಗ ಅಷ್ಟೇ ಇತ್ತು. ಅಷ್ಟು ಸಣ್ಣದು ಹೊಟ್ಟೆಯಲ್ಲಿ ಅಡ್ಡ ತಿರುಗಿ ಕೂತು ತಾಯಿಯ ಪ್ರಾಣ ಹಿಂಡಿತು. ಸೂಲಗಿತ್ತಿ ಮೊಣಕೈವರೆಗೆ ಕೈ ಹಾಕಿ ಎಳೆದಳು. ನಾನು ಅತ್ತಿಗೆಯ ತಲೆ ಹಿಡಿದು ಕೂತಿದ್ದೆ. ನೋವಿಗೆ ಅವಳು ನನ್ನ ಮುಂಗೈಯನ್ನೇ ಕಚ್ಚಿದಳು, ಹಲ್ಲಿನ ಗುರುತು ಇವತ್ತಿಗೂ ಇದೆ. ಚಾಪೆ ನೆನೆದು ರಕ್ತ ನೆಲಕ್ಕಿಳಿಯಿತು. ಸೂಲಗಿತ್ತಿ ಕೈ ತೊಳೆಯುತ್ತ ಅಮ್ಮನಿಗೆ ಹೇಳಿದಳು, ಒಳಗೆಲ್ಲ ಹರಿದುಹೋಗಿದೆ, ಈ ಕೂಸು ಓಡಾಡಿ ಮಾತು ಕಲಿಯುವ ಮೊದಲೇ ಇನ್ನೊಂದು ನಿಂತರೆ ನನ್ನನ್ನು ಕರೆಯಬೇಡಿ, ಗುಂಡಿ ತೋಡುವವನನ್ನು ಕರೆಯಿರಿ ಎಂದು. ಅಮ್ಮ ತಲೆಯಾಡಿಸಿದಳು. ಜಗಲಿಯಲ್ಲಿದ್ದ ಅಣ್ಣನಿಗೂ ಅದು ಕೇಳಿಸಿತ್ತು. ಅವನು ಕೇಳಿದ್ದು ಗಂಡೋ ಹೆಣ್ಣೋ ಎಂದು ಮಾತ್ರ.

ಗಂಡುಮಗನ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. ಎದುರುಮನೆಯವನ ಮೂವರು ಗಂಡುಮಕ್ಕಳು ಆಗಲೇ ಗೂಡು ತುಂಬುತ್ತಿದ್ದರು. ಅವರನ್ನು ಕಂಡಾಗಲೆಲ್ಲ ಅಣ್ಣನ ಹೊಟ್ಟೆ ಉರಿಯುತ್ತಿತ್ತು. ಅವನಿಗೆ ಇದ್ದ ದೊಡ್ಡ ಜಂಬ ಒಂದೇ: ನಾಲ್ಕು ವರ್ಷ ತಾಯಿ ಹಾಲು ಕುಡಿದವನು ನಾನು, ಅದಕ್ಕೇ ಈ ಕಲ್ಲು ಒಬ್ಬನೇ ಎತ್ತುತ್ತೇನೆ ಎಂದು ಕಲ್ಲೆತ್ತಿದಾಗಲೆಲ್ಲ ಹೇಳುತ್ತಿದ್ದ. ಹೆಂಡದಂಗಡಿಯಲ್ಲಿ ಒಂದು ದಿನ ಯಾರೋ, ನಿನ್ನ ಗೂಡಿಗೆ ಬೆಂಕಿ ಕೊಡೋಕೆ ಅಳಿಯಂದಿರೇ ಬರಬೇಕು ಬಿಡು ಎಂದು ತಮಾಷೆ ಮಾಡಿದ. ಅಣ್ಣ ಅವನ ಮುಂದಿನ ಹಲ್ಲು ಉದುರಿಸಿ ಮನೆಗೆ ಬಂದು, ನಾಳೆಯಿಂದ ಗುಬ್ಬಿಗೆ ಹಾಲು ಬಿಡಿಸಬೇಕು ಎಂದ. ಗುಬ್ಬಿ ಆಗಿನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿತ್ತು.

ಅಮ್ಮ ಒಪ್ಪಲಿಲ್ಲ. ಹಾಲಿನ ಮಾತು ನಿನ್ನದಲ್ಲ ಎಂದಳು. ಅಣ್ಣ ನೀರಿನ ಮಡಕೆಗಳನ್ನು ಒಂದೊಂದಾಗಿ ಒದ್ದು ಒಡೆದ. ಒಲೆಯ ಮೇಲಿದ್ದ ಗಂಜಿಯನ್ನು ಅಂಗಳಕ್ಕೆ ಎಸೆದ. ದೊಡ್ಡ ಹುಡುಗಿಯರಿಬ್ಬರೂ ಕಾಳಿನ ಗುಡಾಣದ ಹಿಂದೆ ಅವಿತುಕೊಂಡರು. ಒಡೆಯಲು ಇನ್ನೇನೂ ಉಳಿಯದಾಗ ಅವನು ಅತ್ತಿಗೆಯ ಕಡೆ ತಿರುಗಿದ. ಆಗ ಅಮ್ಮ, ಆಯಿತು ಬಿಡಿಸ್ತೀನಿ, ಅವಳನ್ನ ಬಿಡು ಎಂದಳು. ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಡೆತ ತಪ್ಪಿಸಲು ಅವಳ ಪ್ರಾಣವನ್ನೇ ಕೊಟ್ಟೆಯಲ್ಲಮ್ಮ ಎಂದು ಮುಖದ ಮೇಲೇ ಹೇಳಿದೆ. ಅವಳು ಒಡೆದ ಮಡಕೆಯ ಚೂರು ಆರಿಸುತ್ತಲೇ ಇದ್ದಳು.

ಮರುದಿನ ಅತ್ತಿಗೆಯ ಎದೆಗೆ ಕಹಿಸೊಪ್ಪಿನ ರಸ ಬಳಿದರು. ಗುಬ್ಬಿ ಬಾಯಿ ಹಾಕಿತು, ಉಗುಳಿತು, ತಾಯಿಯ ಮುಖ ನೋಡಿತು, ಆಮೇಲೆ ಕಿರುಚಲು ಶುರುಮಾಡಿತು. ಗಂಜಿ ಕೊಟ್ಟರೆ ಕಕ್ಕುತ್ತಿತ್ತು. ಅತ್ತಿಗೆ ಕಹಿ ತೊಳೆದುಕೊಂಡು ಕದ್ದು ಕುಡಿಸಿದಳು. ನಾನು ಬಾಗಿಲು ಕಾದೆ. ಸ್ವಲ್ಪ ಕಾಲ ಹೀಗೆ ನಡೆಯಿತು. ಆದರೆ ಮೈ ಸುಳ್ಳು ಹೇಳುವುದಿಲ್ಲವಲ್ಲ. ಒಂದು ಮಧ್ಯಾಹ್ನ ಅಣ್ಣ ಗಂಜಿ ಕುಡಿಯುತ್ತ ಕೂತಿದ್ದಾಗ ಒಳಗೆ ಗುಬ್ಬಿ ಅತ್ತಿತು. ಬಡಿಸುತ್ತಿದ್ದ ಅತ್ತಿಗೆಯ ಎದೆಯ ಬಟ್ಟೆ ಅವನ ಕಣ್ಣೆದುರೇ ಒದ್ದೆಯಾಯಿತು. ಅಣ್ಣ ಬಟ್ಟಲು ಕೆಳಗಿಟ್ಟು ಎದ್ದು ಹೋಗಿ ಸುಣ್ಣ ಕಲಕುವ ಕೋಲು ತಂದ. ಅದು ಆಳೆತ್ತರದ ಕೋಲು, ತುದಿಯಲ್ಲಿ ಗಟ್ಟಿಕಟ್ಟಿದ ಸುಣ್ಣ. ಬೆನ್ನು, ತೊಡೆ, ಅಡ್ಡ ಹಿಡಿದ ಕೈ ಎಲ್ಲೆಂದರಲ್ಲಿ ಬಾರಿಸಿದ. ಬಿಡಿಸಲು ಹೋದ ನನ್ನ ಹೆಗಲಿಗೂ ಬಿತ್ತು. ಅತ್ತಿಗೆಯ ಎಡಗೈ ಕಿರುಬೆರಳು ಮುರಿದು ಹಾಗೇ ಸೊಟ್ಟಗೆ ಕೂಡಿಕೊಂಡಿತು. ಅದೇ ಸಂಜೆ ಗುಬ್ಬಿಯನ್ನು ಕಲ್ಲಿನ ಗುಡ್ಡದ ಹತ್ತಿರವಿದ್ದ ದೊಡ್ಡಮ್ಮನ ಮನೆಗೆ ಒಯ್ದು ಬಿಟ್ಟು ಬಂದ. ಹಾಲು ಪೂರ್ತಿ ಬತ್ತುವ ತನಕ ಮಗು ಈ ಹೊಸ್ತಿಲು ತುಳಿಯಕೂಡದು ಎಂದ.

ಅತ್ತಿಗೆಗೆ ಜ್ವರ ಬಂತು. ಹಾಲು ಕಟ್ಟಿ ಎದೆ ಕಲ್ಲಾಯಿತು. ನಾನು ಬಿಸಿನೀರಿನ ಬಟ್ಟೆ ಹಿಂಡಿ ಇಡುತ್ತಿದ್ದೆ, ಅವಳು ಹಲ್ಲು ಕಚ್ಚಿ ಹಾಲನ್ನು ಬಟ್ಟಲಿಗೆ ಹಿಂಡಿಕೊಳ್ಳುತ್ತಿದ್ದಳು. ದಿನದಿಂದ ದಿನಕ್ಕೆ ಬಟ್ಟಲು ತುಂಬುವುದು ಕಡಿಮೆಯಾಯಿತು. ಕೈಗೆ ಬರುವ ಹಾಲು ಬೇರೆ, ಬಾಯಿಗೆ ಬರುವ ಹಾಲು ಬೇರೆ ಎಂದು ಅವಳೇ ಹೇಳಿದಳು. ಅಣ್ಣ ಅವಳ ಜ್ವರ ಇಳಿಯುವುದನ್ನೇ ಕಾಯುತ್ತಿದ್ದ. ಜ್ವರ ಇಳಿದ ದಿನವೇ ಅವಳ ಚಾಪೆಯನ್ನು ಅಮ್ಮನ ಪಕ್ಕದಿಂದ ಎತ್ತಿಸಿ ತನ್ನ ಕೋಣೆಗೆ ಹಾಕಿಸಿಕೊಂಡ.

ಇದ್ದಿಲ ಕೊಟ್ಟಿಗೆಯ ಮೂಲೆಯಲ್ಲಿ ನಮ್ಮ ಗೂಡಿನ ಕಾವಲು ನಾಯಿ ಮರಿ ಹಾಕಿತ್ತು. ಚಾಪೆ ಎತ್ತಿಸಿದ ಮರುದಿನ ಬೆಳಿಗ್ಗೆ ಅತ್ತಿಗೆ ಕಲ್ಲು ಒಡೆಯುವುದನ್ನು ನಿಲ್ಲಿಸಿ, ಆ ಮರಿಗಳಲ್ಲಿ ಗಟ್ಟಿಯಾಗಿರೋದೊಂದನ್ನ ತಗೊಂಡು ಬಾ ಎಂದಳು. ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೊದಲು ನಗು ಬಂತು, ನಾಯಿಗೆ ಸೋದರತ್ತೆ ಆದೆನಲ್ಲ ಎಂದು ತಮಾಷೆಯನ್ನೂ ಮಾಡಿದೆ. ಅತ್ತಿಗೆ ನಗಲಿಲ್ಲ.

“ಹಾಲು ಬತ್ತಿತು ಅಂದ್ರೆ ನಾನು ಸತ್ತೆ ಅಂತ ತಿಳ್ಕೋ. ಕುಡಿಯೋ ಬಾಯಿ ಯಾವುದಾದ್ರೇನು? ಕುಡಿದ್ರೆ ಸಾಕು.”

ಹಣೆಯ ಮೇಲೆ ಬಿಳಿ ಮಚ್ಚೆ ಇದ್ದ ಕಪ್ಪು ಮರಿ ಅದು. ಆ ದಿನದಿಂದ ಅಣ್ಣ ಗೂಡಿನ ಬಾಯಿಯ ಹತ್ತಿರ ಇದ್ದಾಗಲೆಲ್ಲ ಅತ್ತಿಗೆ ಇದ್ದಿಲು ತರುವ ನೆವದಲ್ಲಿ ಕೊಟ್ಟಿಗೆಗೆ ಹೋಗುತ್ತಿದ್ದಳು. ನಾನು ಹೊರಗೆ ಕಲ್ಲು ಒಡೆಯುತ್ತ ಕೂರುತ್ತಿದ್ದೆ. ಯಾರಾದರೂ ಬಂದರೆ ಸುತ್ತಿಗೆಯನ್ನು ಕಬ್ಬಿಣದ ಬಾಣಲೆಗೆ ಬಡಿಯಬೇಕು, ಅದು ನಮ್ಮ ಗುರುತು. ಮರಿಯ ಹಲ್ಲು ಸೂಜಿಯಂತಿತ್ತು, ಅವಳ ಎದೆಯೆಲ್ಲ ಗೀರು. ಗಾಯಕ್ಕೆ ಬೆಣ್ಣೆ ಹಚ್ಚಿ, ಹಾಲಿನ ಕಲೆ ಕಾಣದಂತೆ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಹಾಲು ಮತ್ತೆ ಏರಿತು. ಒಂದೊಂದು ಸಲ ಅವಳು ಮರಿಯ ಕಿವಿ ಸವರುತ್ತ ಗುಬ್ಬಿ ಗುಬ್ಬಿ ಎಂದು ಅಳುವುದು ನನಗೆ ಹೊರಗೆ ಕೇಳುತ್ತಿತ್ತು. ಆಗ ನಾನು ಸುತ್ತಿಗೆಯನ್ನು ಜೋರಾಗಿ ಬೀಸುತ್ತಿದ್ದೆ, ಯಾರ ತಲೆಯನ್ನು ನೆನೆಸಿಕೊಂಡು ಎಂದು ಹೇಳಬೇಕಾಗಿಲ್ಲ.

ಅಣ್ಣ ಸಿಕ್ಕಿಬಿದ್ದದ್ದು ಹೊಂಡಕ್ಕೆ ನೀರು ಬಿಟ್ಟ ದಿನ. ಸಿಕ್ಕಿಬಿದ್ದದ್ದು ನಾವು ಎಂದು ಅವನು ತಿಳಿದಿದ್ದ. ಹೊಂಡ ಆಗತಾನೇ ಕುದಿದು ಏಳತೊಡಗಿತ್ತು. ಕಲಕುವ ಕೋಲು ತರಲು ಅವನು ಮುಂದಿನಿಂದ ಬರುವ ಬದಲು ಗೂಡಿನ ಹಿಂದಿನಿಂದ ಸುತ್ತಿ, ಕೊಟ್ಟಿಗೆಯ ಹಿಂಬದಿಯ ತಟ್ಟಿ ಸರಿಸಿ ಒಳಗೆ ನುಗ್ಗಿದ. ನನಗೆ ಕಾಣಲೇ ಇಲ್ಲ. ಮೊದಲು ಕೇಳಿದ್ದು ಅತ್ತಿಗೆಯ ತಲೆ ಕಂಬಕ್ಕೆ ಬಡಿದ ಸದ್ದು. ನಾನು ಓಡಿ ಹೋಗುವಷ್ಟರಲ್ಲಿ ಅವಳನ್ನು ಕೂದಲು ಹಿಡಿದು ಬಯಲಿಗೆ ಎಳೆದು ತಂದಿದ್ದ. ಇನ್ನೊಂದು ಕೈಯಲ್ಲಿ ಮರಿ, ಕತ್ತಿನ ಚರ್ಮದಲ್ಲಿ ನೇತಾಡುತ್ತಿತ್ತು. ಅದರ ಬಾಯಿಯ ಸುತ್ತ ಇನ್ನೂ ಹಾಲಿತ್ತು.

“ನಾಯಿಗೆ ಹಾಲು ಕೊಡ್ತೀಯಾ, ನನಗೆ ಮಗನ್ನ ಕೊಡಕ್ಕಾಗಲ್ವಾ?”

ಬಾಯಿಗೆ ಗುದ್ದಿದ. ಬಿದ್ದವಳ ಹೊಟ್ಟೆಗೆ ಒದ್ದ. ನಾನು ಕೈಯಲ್ಲಿದ್ದ ಸುತ್ತಿಗೆ ಬೀಸಿದೆ, ಅವನ ಭುಜಕ್ಕೆ ತಾಗಿತು. ಕೊಂದೇಬಿಡುವ ಮನಸ್ಸು ನನಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವನು ನನ್ನನ್ನು ಒಂದೇ ನೂಕಿಗೆ ಕಲ್ಲಿನ ರಾಶಿಯ ಮೇಲೆ ಕೆಡವಿದ. ಆಮೇಲೆ ಹೊಂಡದ ಅಂಚಿಗೆ ಹೋಗಿ ಮರಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, ದೊಡ್ಡ ಕಲ್ಲು ಎಸೆಯುವ ಹಾಗೆ ಬಲವಾಗಿ ಒಳಗೆ ಎಸೆದ. ಮರಿ ಒಂದು ಸಲ ಕುಂಯ್ ಎಂದಿತು, ಅಷ್ಟೇ. ಕುದಿಯುವ ಸುಣ್ಣ ಎದ್ದು ಅವನ ಮುಖಕ್ಕೆ ಅಪ್ಪಳಿಸಿತು.

ಹುಟ್ಟಿದಾಗಿನಿಂದ ಸುಣ್ಣದ ಜೊತೆ ಬದುಕಿದವನು, ಏಳುವ ಹೊಂಡದ ಮೇಲೆ ಬಗ್ಗಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವನು, ಅವನೇ ಅಂಚಿನಲ್ಲಿ ನಿಂತು ಒಳಗೆ ಎಸೆದಿದ್ದ. ಮುಖ ಹಿಡಿದುಕೊಂಡು ನೆಲಕ್ಕೆ ಬಿದ್ದು ಹೊರಳಾಡಿದ. ಅವನ ಕೂಗಿಗೆ ಅಕ್ಕಪಕ್ಕದ ಗೂಡುಗಳವರೆಲ್ಲ ಓಡಿ ಬಂದರು. ಅಮ್ಮನೂ ಬಂದಳು. ಹಾಲು, ಹಾಲು, ಯಾರ ಹತ್ತಿರ ಹಾಲಿದೆ ಎಂದು ಗಂಡಸರು ಕೂಗಿದರು. ಮಗುವಿಗೆ ಹಾಲು ಕುಡಿಸುತ್ತಿದ್ದ ಎದುರುಮನೆಯ ಸೊಸೆ ಅವತ್ತೇ ತವರಿಗೆ ಹೋಗಿದ್ದಳು. ಇನ್ನೊಬ್ಬಳು ಇದ್ದದ್ದು ಬೀದಿಯ ಆ ತುದಿಯಲ್ಲಿ. ಅವಳನ್ನು ಕರೆತರಲು ಒಬ್ಬ ಓಡಿದ. ಉಳಿದವರ ಕಣ್ಣು ಅತ್ತಿಗೆಯ ಮೇಲೆ ಬಿತ್ತು. ಅವಳ ಬಟ್ಟೆಯ ಮುಂಭಾಗ ಹಾಲಿನಿಂದ ತೊಯ್ದಿತ್ತು, ಬಾಯಿಂದ ರಕ್ತ ಸೋರುತ್ತಿತ್ತು.

ಅತ್ತಿಗೆ ರಕ್ತ ಉಗುಳಿ ಎದ್ದು ನಿಂತಳು. ನಡೆದು ಬಂದು ಅವನ ಪಕ್ಕ ಕೂತು ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಯಾರೂ ಹೇಳಬೇಕಾಗಲಿಲ್ಲ. ನಾನು ಬಲಗಣ್ಣಿನ ರೆಪ್ಪೆ ಬಿಡಿಸಿ ಹಿಡಿದೆ, ಅವಳು ಹಿಂಡಿದಳು. ಹಾಲಿನ ಎಳೆ ನೇರವಾಗಿ ಕಣ್ಣಿಗೆ ಬಿತ್ತು. ಸುಣ್ಣ ಹಾಲಿನ ಜೊತೆ ಕರಗಿ ಕೆನ್ನೆಗಿಳಿಯಿತು, ಬಟ್ಟೆಯ ತುದಿಯಿಂದ ಒರೆಸಿದೆ, ಮತ್ತೆ ಹಿಂಡಿದಳು. ಬಿಳಿ ಹೋಗಿ ಕಪ್ಪುಗುಡ್ಡೆ ಕಾಣುವ ತನಕ ಹಿಂಡಿದಳು. ಆಮೇಲೆ ಬಟ್ಟೆ ಎಳೆದು ಎದೆ ಮುಚ್ಚಿಕೊಂಡಳು.

“ಎಡಗಣ್ಣು, ಎಡಗಣ್ಣು ಉರೀತಿದೆ, ಹಾಕೇ,” ಎಂದ ಅಣ್ಣ.

“ಗುಬ್ಬಿ ನನಗೆ ವಾಪಸು ಬೇಕು. ಅದು ತಾನಾಗೇ ಬಿಡೋ ತನಕ ಕುಡೀಬೇಕು. ಅಲ್ಲಿ ತನಕ ನಿನ್ನ ಚಾಪೆ ಜಗಲಿ ಮೇಲೆ. ಇಷ್ಟು ಜನದ ಮುಂದೆ ಹೂಂ ಅನ್ನು, ಹಾಕ್ತೀನಿ.”

ಅಣ್ಣ ಕೆಟ್ಟ ಮಾತಾಡಿದ. ಮೊದಲು ಹಾಕು, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದ. ಆಮೇಲೆ ಏನು ನೋಡಿಕೊಳ್ಳುತ್ತೀ ಎಂದು ಗೊತ್ತಿರುವುದಕ್ಕೇ ಈಗ ಕೇಳುತ್ತಿದ್ದೇನೆ ಎಂದಳು ಅತ್ತಿಗೆ. ಅವಳ ಕತ್ತಿಗೆ ಕೈ ಹಾಕಲು ನೋಡಿದ, ಕೈ ಗಾಳಿಯಲ್ಲಿ ತಡಕಾಡಿತು. ಸುತ್ತ ನಿಂತ ಗಂಡಸರಲ್ಲಿ ಗುಸುಗುಸು ಶುರುವಾಯಿತು, ಗಂಡನ ಕಣ್ಣಿಗೂ ಚೌಕಾಸಿ ಮಾಡುವವಳನ್ನು ಕಂಡಿರಲಿಲ್ಲ ಎಂದು ಒಬ್ಬ ಮುಂದೆ ಬಂದ. ನಾನು ಸುತ್ತಿಗೆ ಎತ್ತಿಕೊಂಡು ಅವನಿಗೆ ಅಡ್ಡ ನಿಂತೆ. ಇನ್ನೊಂದು ಹೆಜ್ಜೆ ಇಟ್ಟರೆ ನಿನಗೂ ಒಂದೇ ಕಣ್ಣು ಉಳಿಯುತ್ತದೆ ಎಂದೆ. ನನ್ನ ನಾಲಿಗೆಯನ್ನು ತಮಾಷೆ ಮಾಡುತ್ತಿದ್ದ ಬೀದಿ ಅವತ್ತು ನನ್ನ ಕೈ ನೋಡಿ ಹಿಂದೆ ಸರಿಯಿತು. ಅಣ್ಣನ ಎಡಗಣ್ಣು ಅಷ್ಟರಲ್ಲಿ ಊದಿಕೊಂಡು ಮುಚ್ಚಿಹೋಗುತ್ತಿತ್ತು, ಬೀದಿಯ ಆ ತುದಿಗೆ ಓಡಿದವನು ಇನ್ನೂ ಬಂದಿರಲಿಲ್ಲ. ಅವನು ಹಲ್ಲು ಕಡಿಯುತ್ತ ಮಲಗಿದ್ದ, ಹೂಂ ಎನ್ನಲಿಲ್ಲ.

ಆಗ ಅಮ್ಮ ಅವನ ತಲೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು. ಮಗನಿಗಾಗಿ ಸೊಸೆಯ ಕಾಲು ಹಿಡಿಯುತ್ತಾಳೆ ಎಂದುಕೊಂಡೆ ನಾನು.

“ನಾಲ್ಕು ವರ್ಷ ಹಾಲು ಕುಡಿದೆ ಅಂತ ಬೀದಿ ತುಂಬ ಹೇಳ್ಕೊಂಡು ತಿರುಗ್ತೀಯಲ್ಲ, ಯಾಕೆ ಕುಡಿಸ್ದೆ ಗೊತ್ತೇನೋ? ಪ್ರೀತಿಗಲ್ಲ. ನಿನ್ನನ್ನ ಹೆರುವಾಗ ನಾನು ಅರ್ಧ ಸತ್ತಿದ್ದೆ. ಬೇಗ ಇನ್ನೊಂದು ಬೇಕು ಅಂತ ನಿಮ್ಮಪ್ಪ ಬಾಗಿಲಲ್ಲೇ ಕಾಯ್ತಿದ್ದ. ಪುಣ್ಯಕ್ಕೆ ನಮ್ಮತ್ತೆ ಹಾಲು ಬಿಡಿಸು ಅನ್ನಲಿಲ್ಲ. ಸಾಕು ಅಂತ ನೀನು ಮುಖ ತಿರುಗಿಸಿದ್ರೆ ಹೊಡೆದು ಕುಡಿಸಿದ್ದೀನಿ ಕಣೋ. ನಿನ್ನ ಬಾಯಿಂದ ನಾನು ಉಳ್ಕೊಂಡೆ. ಅವಳೂ ಉಳ್ಕೊಳ್ಳಲಿ, ಬಿಡು.”

ಅಮ್ಮ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, ಹಾಲಿನ ಮಾತು ಅತ್ತೆಯದು, ಅವತ್ತು ಹೆದರಿ ಆಡಿದ್ದನ್ನು ಇವತ್ತು ವಾಪಸು ತೆಗೆದುಕೊಂಡಿದ್ದೇನೆ ಎಂದಳು. ತುಂಬ ಹೊತ್ತಾದ ಮೇಲೆ ಅಣ್ಣ ಹೂಂ ಎಂದ. ಗಟ್ಟಿಯಾಗಿ ಅನ್ನು ಎಂದಳು ಅತ್ತಿಗೆ. ಇನ್ನೊಂದು ಸಲ ಹೂಂ ಎಂದ. ಅವಳು ಎಡಗಣ್ಣಿಗೆ ಹಾಲು ಹಿಂಡಿದಳು. ಬಲಗಣ್ಣಿಗೆ ಹಾಕಿದ್ದಕ್ಕಿಂತ ಹೆಚ್ಚೇ ಹಾಕಿದಳು, ಹಾಕುತ್ತ ಅಳುತ್ತಿದ್ದಳು. ಆದರೆ ಹೊತ್ತು ಮೀರಿತ್ತು. ಆ ಕಣ್ಣು ಆಮೇಲೆ ಬಿಳಿಯಾಗಿಯೇ ಉಳಿಯಿತು. ಅಣ್ಣನಿಗಾಗಿ ನನಗೂ ಅಳು ಬಂತು, ಅವನನ್ನು ಕೊಲ್ಲಲು ಹೊರಟಿದ್ದ ನನಗೇ. ಒಂದೇ ಎದೆಯ ಹಾಲು ಕುಡಿದವರಲ್ಲವೇ ನಾವು.

ಆ ಹೊಂಡದ ಸುಣ್ಣವನ್ನು ಯಾರೂ ಮುಟ್ಟಲಿಲ್ಲ. ಕಾವಲು ನಾಯಿ ಅಂಚಿನಲ್ಲಿ ಮೂಗು ಇಟ್ಟುಕೊಂಡು ಮಲಗಿತ್ತು, ಕರೆದರೂ ಏಳಲಿಲ್ಲ. ನಾನು ಆ ಹೊತ್ತಿಗೇ ದೊಡ್ಡಮ್ಮನ ಮನೆಗೆ ಹೊರಟೆ. ಗುಬ್ಬಿ ಬಡಕಲಾಗಿ ಕಾಲು ಕಡ್ಡಿಯಾಗಿತ್ತು, ಗೋಡೆ ಹಿಡಿದು ನಿಲ್ಲುವುದನ್ನೂ ಮರೆತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ತಂದು ತಾಯಿಯ ಮಡಿಲಿಗೆ ಹಾಕಿದೆ.

ಗುಬ್ಬಿ ತಾಯಿಯನ್ನು ನೋಡಿತು. ಅತ್ತಿಗೆಯ ತುಟಿ ಒಡೆದಿತ್ತು, ಮುಖದ ಒಂದು ಕಡೆ ಊದಿತ್ತು, ಗುರುತು ಸಿಕ್ಕಿತೋ ಇಲ್ಲವೋ. ಎದೆಯ ಹತ್ತಿರ ಒಯ್ದರೆ ಮುಖ ತಿರುಗಿಸಿತು. ಆ ಕಹಿ ಅದಕ್ಕೆ ನೆನಪಿತ್ತು. ಮತ್ತೆ ಒಯ್ದರೆ ಬೆನ್ನು ಬಿಲ್ಲು ಮಾಡಿ ಕಿರುಚಿತು. ಅತ್ತಿಗೆ ನನ್ನ ಕಡೆ ನೋಡಿದಳು. ಅಷ್ಟೆಲ್ಲ ಹೊಡೆತ ತಿಂದರೂ ಅವಳ ಕಣ್ಣಲ್ಲಿ ಕಾಣದ ಹೆದರಿಕೆ ಆಗ ಕಂಡಿತು. ಅಮ್ಮ ಬಂದು ಪಕ್ಕ ಕೂತಳು. ಒಂದು ಹನಿ ಹಾಲನ್ನು ತನ್ನ ಬೆರಳಿಗೆ ಹಿಂಡಿಸಿಕೊಂಡು ಗುಬ್ಬಿಯ ತುಟಿಗೆ ಸವರಿದಳು. ಗುಬ್ಬಿ ನೆಕ್ಕಿತು. ಇನ್ನೊಂದು ಹನಿ ಸವರಿದಳು, ಅದನ್ನೂ ನೆಕ್ಕಿತು. ಅಳು ಬಿಕ್ಕಳಿಕೆಗೆ ಇಳಿಯಿತು, ಆಮೇಲೆ ಅದೂ ನಿಂತಿತು. ನಾಯಿಮರಿ ಗೀರಿದ ಎದೆಗೆ ಗುಬ್ಬಿ ಬಾಯಿ ಹಾಕಿತು.

ನಾನು ಅಣ್ಣನ ಚಾಪೆ ಸುತ್ತಿಕೊಂಡು ಜಗಲಿಗೆ ಹೋದೆ. ಅಣ್ಣ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ. ಒಳಗಿನ ಅಳು ನಿಂತದ್ದು ಅವನಿಗೂ ಕೇಳಿಸಿರಬೇಕು.

“ಕುಡೀತಾ?” ಎಂದು ಕೇಳಿದ.

ಅವನಿಗೆ ಯಾವ ಉತ್ತರ ಬೇಕಿತ್ತೋ ನನಗೆ ಗೊತ್ತಾಗಲಿಲ್ಲ, ಮುಖದ ಅರ್ಧ ಬಟ್ಟೆಯೊಳಗಿತ್ತು. ಹೂಂ, ಕುಡೀತು ಎಂದು ಹೇಳಿ, ಅವನಿಗೆ ಅಲ್ಲೇ ಚಾಪೆ ಹಾಸಿ, ಒಳಗೆ ಬಂದು ಬಾಗಿಲಿಗೆ ಅಗುಳಿ ಹಾಕಿದೆ.